ದೇಶವ್ರತದ ಅತಿಚಾರಗಳೂ ಮೊಬೈಲ್ ಪರದೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶವ್ರತದ ಚರ್ಚೆ ಇಂದು ವಿರಳ. ನಿಯತ ಕಾಲದವರೆಗೆ ಮನೆ, ಬೀದಿ ಅಥವಾ ಊರಿನ ಎಲ್ಲೆಯನ್ನು ಮೀರೆನೆಂಬುದು ಅದರ ಸ್ವರೂಪ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಎಲ್ಲೆಯಾಚೆಯ ವಸ್ತುವನ್ನು ತರಿಸುವುದು, ಆಳನ್ನು ಕಳುಹುವುದು, ಶಬ್ದದಿಂದ ಸಂಕೇತವೀಯುವುದು, ರೂಪವನ್ನು ತೋರುವುದು, ಕಲ್ಲು ಮುಂತಾದುದನ್ನು ಎಸೆಯುವುದು. ಅತಿಚಾರವೆಂದರೆ ಪೂರ್ಣ ಭಂಗವಲ್ಲ. ವ್ರತದ ಅಕ್ಷರ ಉಳಿದು ಪ್ರಾಣ ಸೋರಿಹೋಗುವುದು. ತೆಕ್ಕಟ್ಟೆಯ ಮನೆಯೊಂದರಲ್ಲಿ ಕದವಿಕ್ಕಿ ಮಲಗಿಯೂ ನಡುರಾತ್ರಿಯವರೆಗೆ ಪರದೆಯನ್ನು ಸರಿಸುತ್ತಿರುವ ಬಾಲಕನನ್ನು ಕಲ್ಪಿಸಿಕೊಂಡರೆ, ಶಬ್ದ ಮತ್ತು ರೂಪಗಳ ಆ ಎಚ್ಚರಿಕೆ ಎಷ್ಟು ನಿಖರವಾದುದೆಂಬುದು ತಿಳಿಯುತ್ತದೆ.

ಈ ಚಟಕ್ಕೆ ಯಂತ್ರವೇ ಮದ್ದನ್ನೂ ಕೊಡುತ್ತದೆಂಬ ಮಾತಿದೆ. 2018ರಲ್ಲಿ ಆಪಲ್ ‘ಸ್ಕ್ರೀನ್ ಟೈಮ್’ ಅನ್ನೂ ಗೂಗಲ್ ‘ಡಿಜಿಟಲ್ ವೆಲ್‌ಬೀಯಿಂಗ್’ ಅನ್ನೂ ಹೊರತಂದವು. ದಿನಕ್ಕೆ ಎಷ್ಟು ಹೊತ್ತು ಯಾವುದಕ್ಕೆ ವ್ಯಯವಾಯಿತೆಂದು ಅವು ಲೆಕ್ಕ ಒಪ್ಪಿಸುತ್ತವೆ. ಇದು ಸಣ್ಣ ಉಪಕಾರವಲ್ಲ. ಅಳತೆಯಿಲ್ಲದೆ ಭೋಗೋಪಭೋಗ ಪರಿಮಾಣವೂ ಇಲ್ಲ. ಆದರೆ ಆಪಲ್ ಫೋನಿನಲ್ಲಿ ಗಡುವು ಮುಗಿದಾಗ ಮೂಡುವ ಪರದೆಯಲ್ಲೇ ಇಂದಿನ ಮಟ್ಟಿಗೆ ಮಿತಿಯನ್ನು ಬದಿಗಿರಿಸುವ ಆಯ್ಕೆಯೂ ಇರುತ್ತದೆ. ಪಾಲಕರು ಗುಪ್ತಸಂಖ್ಯೆಯಿಟ್ಟರೆ ಮಕ್ಕಳಿಗೆ ಬೇಲಿ ಗಟ್ಟಿಯಾದೀತು. ಪಾಲಕರ ಸಂಖ್ಯೆಯಾದರೋ ಅವರ ತಲೆಯಲ್ಲೇ ಇದೆ! ಮೊದಲು ಪುಟಕ್ಕೊಂದು ಕೊನೆಯಿತ್ತು, ಅಲ್ಲಿ ಕೈ ತಾನಾಗಿ ತಂಗುತ್ತಿತ್ತು. ಕೊನೆಯಿಲ್ಲದೆ ಸರಿಯುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ವಿಷಾದಿಸಿದರು. ಆ ಕೊನೆಯನ್ನು ಕಿತ್ತ ಉದ್ಯಮವೇ ಈಗ ಬಳಸುವವನ ಕೈಗೆ ಬೇಲಿಯ ಗೂಟವನ್ನಿತ್ತಿದೆ.

ಚಟವು ರೋಗವಾದಾಗ ಮಾತು ಬೇರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಸನವು 2022ರ ಜನವರಿಯಿಂದ ಜಾರಿಗೆ ಬಂತು. ತೆಕ್ಕಟ್ಟೆಯಿಂದ ಬೆಂಗಳೂರು ಒಂದು ರಾತ್ರಿಯ ಬಸ್ ಪಯಣ. ಲಜ್ಜೆಯ ದೂರ ಅದಕ್ಕಿಂತ ಹೆಚ್ಚು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಅದೇ ಫೋನಿನಿಂದ ಶುಲ್ಕವಿಲ್ಲದೆ ಕರೆಮಾಡಬಹುದು. ತಂತ್ರಜ್ಞಾನ ಇಲ್ಲಿ ನಿಜಕ್ಕೂ ನೆರವಾಗುತ್ತದೆ, ಏಕೆಂದರೆ ಆ ತುದಿಯಲ್ಲಿ ಆಲಿಸುವ ಮನುಷ್ಯನಿದ್ದಾನೆ.

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮವು 2022ರಲ್ಲಿ ಕಂಡುಕೊಂಡ ಉಪಾಯ ಇನ್ನೂ ಸರಳ. ಸಂಜೆ ಏಳಕ್ಕೆ ಸೈರನ್ ಕೂಗಿದರೆ ಎಂಟೂವರೆಯವರೆಗೆ ಮೊಬೈಲೂ ಟಿ.ವಿ.ಯೂ ಬಂದ್, ಮಕ್ಕಳಿಗೆ ಓದು. ಕಾಲವೂ ಎಲ್ಲೆಯೂ ನಿಯತ, ಹಿರಿಯರಿಗೆ ವಿನಾಯಿತಿಯಿಲ್ಲ. ಹೆಸರು ಹೇಳದೆ ಊರಿಗೆ ಊರೇ ಹಿಡಿದ ದೇಶವ್ರತವಿದು.

ನಮ್ಮ ಬಸದಿಗಳ ಸಮಿತಿಗಳು ಇದನ್ನು ಅನುಸರಿಸುವ ಮುನ್ನ ತಮ್ಮ ನೇರಪ್ರಸಾರದ ಕಡೆಗೂ ನೋಡಬೇಕಾದೀತು. ಹಾಸಿಗೆ ಹಿಡಿದ ವೃದ್ಧರಿಗೆ ಅಭಿಷೇಕದ ದರ್ಶನವಾಗುವುದು ಒಳ್ಳೆಯದೇ. ಆದರೆ ಯೂಟ್ಯೂಬಿನಲ್ಲಿ ಶಾಂತಿಧಾರೆ ಮುಗಿದೊಡನೆ ಮುಂದಿನ ದೃಶ್ಯ ತಾನಾಗಿಯೇ ಆರಂಭವಾಗುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಸಮಿತಿಯ ಬಳಿ ಇಲ್ಲ, ನೋಡುವವರ ಫೋನಿನಲ್ಲಿದೆ. ಅದೆಲ್ಲಿದೆಯೆಂದು ಆ ವೃದ್ಧರಿಗೆ ಯಾರಾದರೂ ತೋರಿಸಿಕೊಡಬೇಕು.