ಚರ್ಚಿಲ್ಲರ ಸೂರ್ಯವಾದ: ಒಂದು ತರ್ಕವಿಮರ್ಶೆ

1896ರಲ್ಲಿ ಅಶ್ವದಳದ ಅಧಿಕಾರಿಯಾಗಿ ಬೆಂಗಳೂರು ದಂಡುಪ್ರದೇಶಕ್ಕೆ ಬಂದ ವಿನ್‌ಸ್ಟನ್ ಚರ್ಚಿಲ್ಲರು ಅಲ್ಲಿನ ತಮ್ಮ ಸ್ವಾಧ್ಯಾಯವನ್ನು 1930ರ ಆತ್ಮಕಥೆ ‘ಮೈ ಅರ್ಲಿ ಲೈಫ್’ನಲ್ಲಿ ನಿರೂಪಿಸಿದ್ದಾರೆ. ನೀತಿಶಾಸ್ತ್ರವೆಂದರೇನು, ಸಾಕ್ರಟೀಸನ ವಿಧಾನವೆಂದರೇನು ಎಂಬ ಪ್ರಶ್ನೆಗಳಿಂದ ಹೊರಡುವ ಆ ಅಧ್ಯಾಯವು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರವೇಶಿಕೆಯೇ ಸರಿ. ಆದರೆ ಸೂರ್ಯನ ವಾಸ್ತವತೆಯನ್ನು ಸಾಧಿಸಲು ಅಲ್ಲಿ ಹೂಡಿರುವ ವಾದವು ಪರೀಕ್ಷೆಗೆ ನಿಲ್ಲದು. ಗಣಿತವು ಗ್ರಹಣವನ್ನು ಮುಂದಾಗಿ ತಿಳಿಸುತ್ತದೆ, ಕಣ್ಣು ಅದನ್ನು ಕಾಣುತ್ತದೆ. ಇವೆರಡೂ ಸ್ವತಂತ್ರ ಸಾಕ್ಷ್ಯಗಳೆಂಬುದು ಅವರ ಮತ. ಗಣಿತದ ಆಧಾರಾಂಶಗಳೂ ಇಂದ್ರಿಯಲಬ್ಧವಲ್ಲವೆ ಎಂಬ ಆಕ್ಷೇಪಕ್ಕೆ, ಬೆಳಕು ಬಿದ್ದೊಡನೆ ತಾನಾಗಿ ಲೆಕ್ಕಮಾಡುವ ಯಂತ್ರವು ಸಾಧ್ಯವೆನ್ನುತ್ತಾರೆ. ಆ ಬೆಳಕಿನ ಇರವೇ ಇಲ್ಲಿ ವಿವಾದದ ವಿಷಯ! ನೈಯಾಯಿಕರು ಇದನ್ನು ಸಾಧ್ಯಸಮವೆಂಬ ಹೇತ್ವಾಭಾಸವೆನ್ನುವರು. ಕಾರ್ಲ್ ಪಾಪರ್ 1972ರಲ್ಲಿ ಈ ವಾದವನ್ನು ಮೆಚ್ಚಿದರೂ ದೋಷವು ಉಳಿದೇ ಇದೆ. ಓದು ಒಂಟಿಯಾಗಿ ಸಾಗಬಹುದು. ತರ್ಕಕ್ಕೆ ಪ್ರತಿವಾದಿ ಬೇಕು. ನಮ್ಮ ತರಗತಿಗಳು ಒದಗಿಸಬೇಕಾದುದು ಅವನನ್ನೇ.