ಕುಮಾರ ಗಂಧರ್ವರ ಗಾಯನಪರಿವರ್ತನೆ: ಒಂದು ವಿಮರ್ಶೆ



ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಿಬ್ಬರು ಪ್ರತಿವರ್ಷ ಶ್ರಾವಣಮಾಸದಲ್ಲಿ ದರ್ಶನಕ್ಕೆ ಬರುತ್ತಾರೆ. ಇಬ್ಬರೂ ಎಂಬತ್ತರ ಸಮೀಪದವರು, ಸಂಗೀತರಸಿಕರು, ಬಾಲ್ಯದ ಗೆಳೆಯರು. ಎಲ್ಲ ವಿಷಯಗಳಲ್ಲಿಯೂ ಒಮ್ಮತವುಳ್ಳ ಈ ಹಿರಿಯರು ಕುಮಾರ ಗಂಧರ್ವರ ಹೆಸರು ಬಂದೊಡನೆ ಮಾತ್ರ ಪರಸ್ಪರ ಬೆನ್ನು ತಿರುಗಿಸಿ ಕುಳಿತುಬಿಡುತ್ತಾರೆ. ಒಬ್ಬರು, “ಅಪ್ಪಾವರೆ, ಅದು ರಾಗ ಅಲ್ಲರಿ, ರಾಗದ ಚೂರು” ಎನ್ನುತ್ತಾರೆ. ಇನ್ನೊಬ್ಬರು, “ಇವಗ ಬರೇ ಉದ್ದ ಅಳಿಯೂದು ಗೊತ್ತರಿ” ಎಂದು ನಮ್ಮ ಕಡೆಗೆ ನೋಡುತ್ತಾರೆ. ತೀರ್ಪು ಕೊಡಬೇಕೆಂಬುದು ಇಬ್ಬರ ಅಪೇಕ್ಷೆ. ಇಷ್ಟು ವರ್ಷ ನಾವು ನಕ್ಕು ಸುಮ್ಮನಾಗಿದ್ದೆವು. ಈ ವಿವಾದದಲ್ಲಿ ನಮ್ಮಂಥ ಮಠಗಳ ಪಾಲೂ ಸ್ವಲ್ಪವಿದೆಯೆಂದು ಈಚೆಗೆ ತೋರಿದುದರಿಂದ ಲೇಖನಿಯನ್ನು ಹಿಡಿದಿದ್ದೇವೆ.

ಕುಮಾರ ಗಂಧರ್ವರ ಜನ್ಮನಾಮ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜಂಗಮ ಮನೆತನದಲ್ಲಿ ಜನಿಸಿದರು. ತಂದೆಯವರು ಸ್ವತಃ ಗಾಯಕರು. ಬಾಲಕ ಶಿವಪುತ್ರನಿಗೆ ಒಂದು ಅಸಾಧಾರಣ ಶಕ್ತಿಯಿತ್ತು. ಅಂದಿನ ಹಿರಿಯ ಗಾಯಕರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ, ಸ್ವರ, ತಾನ, ಉಸಿರು ಎಲ್ಲವನ್ನೂ ಇದ್ದಕ್ಕಿದ್ದಂತೆ ಹಾಡಿ ತೋರಿಸುತ್ತಿದ್ದ. ಇದನ್ನು ಕಂಡು ಮೆಚ್ಚಿದ ವೀರಶೈವ ಮಠಾಧೀಶರೊಬ್ಬರು ‘ಕುಮಾರ ಗಂಧರ್ವ’ನೆಂಬ ಬಿರುದನ್ನು ಕರುಣಿಸಿದರು. 1930ರ ದಶಕದ ಮಧ್ಯಭಾಗದಲ್ಲಿ, ಇನ್ನೂ ಹನ್ನೆರಡು ತುಂಬುವಷ್ಟರಲ್ಲಿ, ಅಲಹಾಬಾದು ಮತ್ತು ಮುಂಬಯಿಗಳ ದೊಡ್ಡ ಸಭೆಗಳು ಈ ಬಾಲಕನನ್ನು ತಲೆಯ ಮೇಲೆ ಹೊತ್ತು ಮೆರೆಸಿದವು. ಬಿರುದು ಹೆಸರನ್ನು ನುಂಗಿತು. 1992ರ ಜನವರಿ 12ರಂದು ದೇವಾಸದಲ್ಲಿ ಲಿಂಗೈಕ್ಯರಾಗುವವರೆಗೂ, ಅರವತ್ತೇಳು ವರ್ಷದ ಆ ಮುದುಕರು ಲೋಕಕ್ಕೆ ‘ಕುಮಾರ’ರಾಗಿಯೇ ಉಳಿದರು.

ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಏಕೆಂದರೆ ರಸಿಕರಲ್ಲಿ ಮುಂದೆ ಉಂಟಾದ ಒಡಕಿನ ಬೇರು ಇಲ್ಲಿಯೇ ಇದೆಯೆಂಬುದು ನಮ್ಮ ಅಭಿಮತ.

ಮುಂಬಯಿಯಲ್ಲಿ ಬಾಲಕನನ್ನು ಕೈಹಿಡಿದವರು ಪ್ರೊಫೆಸರ್ ಬಿ. ಆರ್. ದೇವಧರ ಅವರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಗ್ವಾಲಿಯರ್ ಪರಂಪರೆಯವರಾದರೂ ಎಲ್ಲ ಘರಾಣೆಗಳ ಗವಾಯಿಗಳಿಗೂ ತಮ್ಮ ಶಾಲೆಯ ಬಾಗಿಲನ್ನು ತೆರೆದಿಟ್ಟವರು. ಅಲ್ಲಿ ಕುಮಾರರು ಕೇಳಿದ್ದೆಷ್ಟೋ, ಕಲಿತದ್ದೆಷ್ಟೋ. ಅಂಜನೀಬಾಯಿ ಮಾಲ್ಪೇಕರರ ಮಾರ್ಗದರ್ಶನವೂ ದೊರೆಯಿತು. ಇಪ್ಪತ್ತೆರಡು ಇಪ್ಪತ್ತಮೂರನೆಯ ವಯಸ್ಸಿಗೆ ಕೀರ್ತಿ ಶಿಖರವನ್ನು ಮುಟ್ಟಿತ್ತು. 1947ರಲ್ಲಿ ಭಾನುಮತಿಯವರೊಡನೆ ವಿವಾಹವೂ ಆಯಿತು. ಅಷ್ಟರಲ್ಲಿ ಕ್ಷಯರೋಗವು ಶ್ವಾಸಕೋಶವನ್ನು ಹಿಡಿಯಿತು. ಒಣಹವೆಯ ಆಸರೆಯನ್ನು ಅರಸಿ ಮಾಳವ ಪ್ರಾಂತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಭಾನುಮತಿಯವರು ಶಿಕ್ಷಕಿಯಾಗಿ ದುಡಿದು ಮನೆಯನ್ನು ನಡೆಸಿದರು, ರೋಗಿಯ ಶುಶ್ರೂಷೆಯನ್ನೂ ಮಾಡಿದರು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಆಗತಾನೆ ನಮ್ಮ ದೇಶಕ್ಕೆ ಬರುತ್ತಲಿದ್ದ ಕಾಲವದು. ಅದರ ಫಲವಾಗಿ ಪ್ರಾಣ ಉಳಿಯಿತು. ಆದರೆ ಒಂದು ಶ್ವಾಸಕೋಶ ಪ್ರಯೋಜನಕ್ಕೆ ಬಾರದಂತಾಯಿತು.

1953ರ ಸುಮಾರಿಗೆ ಮರಳಿ ವೇದಿಕೆಗೆ ಬಂದವರು ಹಳೆಯ ಕುಮಾರರಾಗಿರಲಿಲ್ಲ. ಸಭೆಗೆ ಬಂದ ರಸಿಕರು ಮೊದಲಿನ ಆ ಧಾರಾಪ್ರವಾಹವನ್ನು ನಿರೀಕ್ಷಿಸಿದ್ದರು. ಕೇಳಿಬಂದದ್ದು ಮಧ್ಯಲಯದ ಕಡೆಗೆ ಒಲಿದ ಖ್ಯಾಲು, ಚಿಕ್ಕಚಿಕ್ಕ ಸ್ವರವಾಕ್ಯಗಳು, ನಡುನಡುವೆ ಮೌನ, ಪಿಸುಮಾತಿನಷ್ಟು ಸಣ್ಣದಾಗಿ ಹಠಾತ್ತನೆ ತಾರಕ್ಕೆ ಚಿಮ್ಮುವ ದನಿ. ಇದಲ್ಲದೆ, ಯಾವ ಗ್ರಂಥದಲ್ಲಿಯೂ ಕಾಣದ ಸಂಜಾರಿ, ಮಾಲವತಿ, ಲಗನಗಂಧಾರ ಮೊದಲಾದ ರಾಗಗಳು. ಮಾಳವದ ಹೆಂಗಸರು ಮದುವೆ ಮುಂಜಿಗಳಲ್ಲಿ ಹಾಡುವ ಹಾಡುಗಳು. ಕಬೀರರ ನಿರ್ಗುಣ ಪದಗಳು. ರಸಿಕಸಮುದಾಯವು ಇಬ್ಭಾಗವಾದುದರಲ್ಲಿ ಆಶ್ಚರ್ಯವೇನಿದೆ?

ವಿರೋಧಪಕ್ಷದವರ ವಾದವನ್ನು ಮೊದಲು ನ್ಯಾಯವಾಗಿ ನೋಡೋಣ. ಖ್ಯಾಲಗಾಯನದ ಘನತೆ ಇರುವುದು ವಿಲಂಬಿತದಲ್ಲಿ. ಒಂದೊಂದೇ ಸ್ವರವನ್ನು ಆಶ್ರಯಿಸಿ, ಅವಸರವಿಲ್ಲದೆ, ಮನೆಯೊಂದನ್ನು ಕಟ್ಟಿದಂತೆ ರಾಗವನ್ನು ಬೆಳೆಸುವುದರಲ್ಲಿ. ಈ ಕ್ರಮವನ್ನು ತಲೆಮಾರುಗಳಿಂದ ಕಾಪಾಡಿದ್ದು ಘರಾಣೆ. ಕುಮಾರರು ಇದನ್ನು ಸಡಿಲಿಸಿದರು. ಉಸಿರು ಸಾಲದೆ ಬಂದ ಕೊರತೆಯನ್ನೇ ಹೊಸ ಶೈಲಿಯೆಂದು ಹೇಳಿಕೊಂಡರು, ಕೀರ್ತಿ ಇದ್ದುದರಿಂದ ಲೋಕ ಒಪ್ಪಿಕೊಂಡಿತು. ಅಜ್ಞಾತ ಗಾಯಕನೊಬ್ಬ ಹೀಗೆ ಹಾಡಿದ್ದರೆ ಸಭೆಯಿಂದ ಎಬ್ಬಿಸುತ್ತಿದ್ದರು. ಇದು ಅವರ ಮಾತಿನ ಸಾರ.

ಪರಪಕ್ಷದವರದು ಇದಕ್ಕೆ ತೀರ ವಿರುದ್ಧ. ಅವರಿಗೆ ಕುಮಾರರು ಘರಾಣೆಯ ಸಂಕೋಲೆಯನ್ನು ಕಡಿದ ಕ್ರಾಂತಿಕಾರಿ. ಹಳೆಯದೆಲ್ಲವೂ ಜಡ, ಹೊಸದೆಲ್ಲವೂ ಚೈತನ್ಯ.

ಎರಡೂ ವಾದಗಳು ಕೇಳುವುದಕ್ಕೆ ಬಲವಾಗಿವೆ. ಎರಡರಲ್ಲಿಯೂ ಕುಮಾರರ ಗಾಯನ ಮಾತ್ರ ಇಲ್ಲ.

ಶ್ವಾಸಕೋಶದ ವಾದವನ್ನು ತೆಗೆದುಕೊಳ್ಳಿರಿ. ಉಸಿರಿನ ಕೊರತೆಯು ವಾಕ್ಯವನ್ನು ಚಿಕ್ಕದು ಮಾಡಬಲ್ಲುದು, ನಿಜ. ಆದರೆ ಯಾವ ವಾಕ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವನ್ನು ಅದು ಹುಟ್ಟಿಸಲಾರದು. ರೋಗದಿಂದ ಗಾಯನ ಬಡವಾದವರನ್ನು ನಾವು ಕಂಡಿದ್ದೇವೆ. ಅವರು ಹಳೆಯದನ್ನೇ ಕುಗ್ಗಿಸಿ ಹಾಡುತ್ತಾರೆ. ಕುಮಾರರಲ್ಲಿ ಬದಲಾದದ್ದು ರಾಗವೆಂದರೇನು ಎಂಬ ಕಲ್ಪನೆಯೇ. ಹಾಸಿಗೆಯಲ್ಲಿ ಮೌನವಾಗಿ ಮಲಗಿದ್ದ ವರ್ಷಗಳಲ್ಲಿ ಅವರ ಕಿವಿಗೆ ಬಿದ್ದದ್ದು ಗವಾಯಿಗಳ ಗಾಯನವಲ್ಲ, ಬೀದಿಯಲ್ಲಿ ಹೋಗುವವರ ಧಾಟಿಗಳು. ಮೂರು ನಾಲ್ಕು ಸ್ವರಗಳಲ್ಲಿಯೇ ಸುತ್ತುವ ಆ ಧಾಟಿಗಳನ್ನು ಕೇಳುತ್ತ ಕೇಳುತ್ತ, ರಾಗಗಳು ಹುಟ್ಟಿದ್ದು ಇಂಥ ಬೀಜಗಳಿಂದಲೇ ಎಂಬ ನಿರ್ಣಯಕ್ಕೆ ಬಂದರು. ಅಂಥ ಧಾಟಿಗಳಿಂದ ತಾವು ಬೆಳೆಸಿದ ರಾಗಗಳನ್ನು ‘ಧುನ್‌ಉಗಮ’ ರಾಗಗಳೆಂದು ಕರೆದರು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ವೆಂಬ ಗ್ರಂಥದಲ್ಲಿ ಅವರ ರಚನೆಗಳು ಸ್ವರಲಿಪಿಯೊಡನೆ ಇವೆ. ಆಸಕ್ತರು ಗ್ರಂಥವನ್ನು ಬಿಚ್ಚಿ ನೋಡಬಹುದು. ಅಲ್ಲಿ ಕಾಣುವುದು ಶಾಸ್ತ್ರಜ್ಞನ ಶಿಸ್ತೇ ಹೊರತು ಉಸಿರುಗಟ್ಟಿದವನ ನೆಪವಲ್ಲ.

ನಮ್ಮ ಪ್ರಾಚೀನರು ‘ಮಾರ್ಗ’ ‘ದೇಶಿ’ಗಳೆಂದು ಭೇದವೆಣಿಸಿದ್ದು ವಾಚಕರಿಗೆ ತಿಳಿದದ್ದೇ. ಹನ್ನೆರಡನೆಯ ಶತಮಾನದ ಶರಣರು ಚಂಪೂಕಾವ್ಯದ ರಾಜಮಾರ್ಗವನ್ನು ಬಿಟ್ಟು ಆಡುಮಾತಿನ ಲಯದಲ್ಲಿ ವಚನವನ್ನು ನುಡಿದಾಗಲೂ, ಇದು ಕಾವ್ಯವಲ್ಲ ಎನ್ನುವುದು ಪಂಡಿತರಿಗೆ ಸುಲಭವಾಗಿತ್ತು. ಶರಣರು ಮಾರ್ಗವನ್ನು ಅರಿಯದೆ ದೇಶಿಗೆ ಬಂದವರಲ್ಲ, ಅನುಭಾವಕ್ಕೆ ಅದೇ ನುಡಿ ಒಗ್ಗಿತು. ಈ ಹೋಲಿಕೆಯನ್ನು ನಾವು ಬಹುದೂರ ಎಳೆಯುವುದಿಲ್ಲ. ಗಾಯಕರನ್ನು ಶರಣರ ಪಂಕ್ತಿಯಲ್ಲಿ ಕೂಡಿಸುವ ಉತ್ಸಾಹ ಇತ್ತೀಚೆಗೆ ಹೆಚ್ಚಾಗಿದೆ. ಅದು ಇಬ್ಬರಿಗೂ ಗೌರವವಲ್ಲ.

ಆದರೆ ಇನ್ನೊಂದು ಸಂಬಂಧವನ್ನು ಹೇಳದಿರಲಾರೆವು. ಮಾಳವದಲ್ಲಿ ನಿರ್ಗುಣ ಪದಗಳನ್ನು ಹಾಡಿ ಭಿಕ್ಷೆಗೆ ಬರುವವರು ನಾಥಪಂಥದ ಜೋಗಿಗಳು. ಕುಮಾರರ ನಿರ್ಗುಣ ಭಜನೆಗಳ ಧಾಟಿಗೆ ಅವರ ಋಣವಿದೆ. ನಾಥಪಂಥದ ಗೋರಕ್ಷನನ್ನು ಶೂನ್ಯಸಂಪಾದನೆಯಲ್ಲಿ ನೀವು ಕಂಡಿದ್ದೀರಿ. ಅಲ್ಲಮಪ್ರಭು ಖಡ್ಗವನ್ನು ಬೀಸಿದಾಗ ಗೋರಕ್ಷನ ವಜ್ರಕಾಯವು ಖಣಿಲೆಂದು ಸದ್ದು ಮಾಡಿತು. ಗೋರಕ್ಷನು ಬೀಸಿದಾಗ ಖಡ್ಗವು ಬಯಲಿನಲ್ಲಿ ಸುಳಿದಂತೆ ಪ್ರಭುವಿನ ದೇಹದಲ್ಲಿ ಸುಳಿದುಹೋಯಿತು. ಕುಮಾರರ ನಿರ್ಗುಣ ಗಾಯನವನ್ನು ರಾತ್ರಿಯ ನಿಶ್ಶಬ್ದದಲ್ಲಿ ಕೇಳುವಾಗಲೆಲ್ಲ ನಮಗೆ ಈ ಪ್ರಸಂಗ ನೆನಪಾಗುತ್ತದೆ. ಸ್ವರವನ್ನು ಎಸೆದು ಅವರು ಸುಮ್ಮನಾಗುವ ಎಡೆಯಲ್ಲಿ ತಂಬೂರಿಗಳೆರಡೇ ನುಡಿಯುತ್ತವೆ. ತಂಬೂರಿಯನ್ನು ಆಯಾ ರಾಗಕ್ಕೆ ತಕ್ಕಂತೆ ಶ್ರುತಿಗೊಳಿಸುವುದರಲ್ಲಿ ಅವರಷ್ಟು ಶ್ರಮಪಟ್ಟವರು ವಿರಳ. ಆ ಮೌನವನ್ನು ಉಸಿರಿನ ಕೊರತೆಯೆಂದು ಲೆಕ್ಕ ಹಿಡಿಯುವವರೊಡನೆ ಏನು ವಾದಿಸುವುದು? ಜಂಗಮ ಮನೆತನದ ಈ ಕನ್ನಡಿಗರ ಕಂಠದಲ್ಲಿ ಕಬೀರರಿಗೆ ದೊರೆತ ಪಾಲು ನಮ್ಮ ವಚನಗಳಿಗೆ ದೊರೆಯಲಿಲ್ಲವೆಂಬ ವ್ಯಥೆ ಮಾತ್ರ ನಮಗೂ ಇದೆ. ವಚನಗಳಿಗೆ ಆ ಭಾಗ್ಯ ಮಲ್ಲಿಕಾರ್ಜುನ ಮನ್ಸೂರರಿಂದ ಬಂತು.

ಮನ್ಸೂರರ ಹೆಸರು ಬಂದುದರಿಂದ ಇನ್ನೊಂದು ಮಾತು. ಅವರೂ ಶೈಲಿಯನ್ನು ಬದಲಿಸಿದವರೇ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಧ್ವನಿಮುದ್ರಿಕೆಗಳಿಂದ ಹೆಸರು ಗಳಿಸಿದ ಮೇಲೆ, ಮತ್ತೆ ಶಿಷ್ಯರಾಗಿ ಮಂಜೀಖಾನರ ಮುಂದೆ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಭೂರ್ಜೀಖಾನರಲ್ಲಿ ಜೈಪುರ ಘರಾಣೆಯ ಆ ಬಿಗಿಯಾದ ಶಿಕ್ಷಣವನ್ನು ಮುಂದುವರಿಸಿದರು. ಒಬ್ಬರು ಒಂದು ಘರಾಣೆಯ ಆಳಕ್ಕೆ ಇಳಿದರು, ಇನ್ನೊಬ್ಬರು ಎಲ್ಲ ಘರಾಣೆಗಳ ಹೊರಗೆ ನಡೆದರು. ಮನ್ಸೂರರ ಬದಲಾವಣೆಗೆ ಯಾರೂ ಜಗಳವಾಡಲಿಲ್ಲವೆಂಬುದನ್ನು ಗಮನಿಸಿರಿ. ಗುರುವೊಬ್ಬರ ಮುದ್ರೆ ಬಿದ್ದ ಬದಲಾವಣೆಯನ್ನು ನಾವು ಸಾಧನೆಯೆನ್ನುತ್ತೇವೆ. ಏಕಾಂತದಲ್ಲಿ ಆದ ಬದಲಾವಣೆಯನ್ನು ಉದ್ಧಟತನವೆನ್ನುತ್ತೇವೆ.

ಇನ್ನು ಕ್ರಾಂತಿಯ ವಾದ. ಕುಮಾರರು ಹಳೆಯದನ್ನು ತಿರಸ್ಕರಿಸಿದರೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕಪದಗಳನ್ನು ಹಾಡುವ ಒಂದು ಕಾರ್ಯಕ್ರಮವನ್ನೇ ಅವರು ರೂಪಿಸಿದರು. ಅದರ ಹೆಸರಿನ ಅರ್ಥ ‘ನಾನು ತಿಳಿದುಕೊಂಡ ಬಾಲಗಂಧರ್ವ’ ಎಂದು. ಎಳೆವಯಸ್ಸಿನಲ್ಲಿ ಗ್ರಾಮೊಫೋನ್ ತಟ್ಟೆಯನ್ನು ಕೇಳಿ ಹಿರಿಯರ ಗಾಯನವನ್ನು ಅಂತೆಯೇ ಒಪ್ಪಿಸುತ್ತಿದ್ದ ಹುಡುಗನೇ ಹೀಗೆ ಹೆಸರಿಡುವಂತಾದುದು. ಒಪ್ಪಿಸುವುದಕ್ಕೂ ತಿಳಿದುಕೊಳ್ಳುವುದಕ್ಕೂ ಇರುವ ಅಂತರವೇ ಅವರ ಎರಡು ಗಾಯನಗಳ ಅಂತರ. ಮೊದಲನೆಯ ಕೀರ್ತಿ ಬಂದದ್ದು ಪರರ ಕಂಠಗಳನ್ನು ತನ್ನ ಕಂಠದಲ್ಲಿ ತೋರಿಸಿದ್ದಕ್ಕೆ. ಆ ಕೀರ್ತಿಯ ಮೇಲೆಯೇ ಅವರು ಆಯುಷ್ಯವನ್ನೆಲ್ಲ ಸುಖವಾಗಿ ಕಳೆಯಬಹುದಾಗಿತ್ತು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವೆಂಬುದನ್ನು ನೋಡಿ ಈಗ ನಮಗೆ ಎಲ್ಲವೂ ಸುಗಮವಾಗಿ ಕಾಣುತ್ತದೆ. ಆದರೆ 1953ರಲ್ಲಿ, ಮನೆಯಲ್ಲಿ ಬಡತನ, ಎದೆಯಲ್ಲಿ ಅರ್ಧ ಉಸಿರು, ಎದುರಿಗೆ ಹಳೆಯದನ್ನೇ ಬೇಡುವ ಸಭೆ. ಆಗ ಹೊಸದನ್ನು ಹಾಡುವುದೆಂದರೆ ಹುಡುಗಾಟವಲ್ಲ.

ಇಷ್ಟು ಹೇಳಿದ ಮೇಲೂ ವಿರೋಧಪಕ್ಷದವರ ಒಂದು ಮಾತನ್ನು ನಾವು ತಳ್ಳಿಹಾಕಲಾರೆವು. ಅವರು ಅದನ್ನು ಸರಿಯಾಗಿ ಆಡಿಲ್ಲ, ಅಷ್ಟೆ. ಘರಾಣೆಯೆಂಬುದು ದಾರಿ. ಸಾಮಾನ್ಯ ಶಕ್ತಿಯ ವಿದ್ಯಾರ್ಥಿಯೂ ಹತ್ತು ಹನ್ನೆರಡು ವರ್ಷ ಆ ದಾರಿಯಲ್ಲಿ ನಡೆದರೆ ಊರನ್ನು ಸೇರುತ್ತಾನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನೂರಾರು ಅಂಧರಿಗೆ, ಅನಾಥರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡಲು ಸಾಧ್ಯವಾದದ್ದು ಕಲಿಸಬಹುದಾದ ಒಂದು ಕ್ರಮವಿದ್ದುದರಿಂದ. ಕುಮಾರರ ಗಾಯನದಲ್ಲಿ ಅಂಥ ದಾರಿಯಿಲ್ಲ. ಅವರನ್ನು ಅನುಸರಿಸಹೊರಟ ಅನೇಕರಿಗೆ ದಕ್ಕಿದ್ದು ಆ ಹಠಾತ್ತಾದ ಚಿಮ್ಮು, ಆ ಪಿಸುದನಿ, ಆ ನಿಲುಗಡೆ ಮಾತ್ರ. ಅನುಕರಣೆಯಿಂದ ಬಿಡಿಸಿಕೊಂಡವರೇ ಅನುಕರಣೆಗೆ ವಸ್ತುವಾದರು! ನಮ್ಮ ಮಠದ ಪ್ರಾರ್ಥನೆಯಲ್ಲಿಯೇ ಒಬ್ಬ ಹುಡುಗ, ಎರಡೂ ಶ್ವಾಸಕೋಶಗಳು ಗಟ್ಟಿಯಾಗಿರುವವನು, ಕುಮಾರರು ಉಸಿರು ತೆಗೆದುಕೊಳ್ಳುವಲ್ಲಿಯೇ ತಾನೂ ಉಸಿರು ತೆಗೆದುಕೊಂಡು ನಿರ್ಗುಣ ಪದವನ್ನು ಹಾಡಿದ. ಭಕ್ತರು ಚಪ್ಪಾಳೆ ತಟ್ಟಿದರು. ಮೊಬೈಲಿನಲ್ಲಿ ಕೇಳಿ ಕಲಿತನಂತೆ. ಗ್ರಾಮೊಫೋನ್ ತಟ್ಟೆಯ ಜಾಗಕ್ಕೆ ಮೊಬೈಲು ಬಂದಿದೆ, ಹುಡುಗ ಬೇರೆ, ಚಪ್ಪಾಳೆ ಅದೇ.

ಮಠಗಳ ಪಾಲಿನ ಮಾತನ್ನು ಆರಂಭದಲ್ಲಿ ಎತ್ತಿದ್ದೆವು. ಏಳೆಂಟು ವರ್ಷದ ಮಗುವಿನ ಅನುಕರಣಶಕ್ತಿಯನ್ನು ಮೆಚ್ಚಿ ಬಿರುದು ಕೊಡುವುದು ವಾತ್ಸಲ್ಯದ ಕಾರ್ಯವೇ. ಆ ಪೂಜ್ಯರ ಕಣ್ಣು ತಪ್ಪಿರಲೂ ಇಲ್ಲ. ಆದರೆ ಬಿರುದು ಪಡೆದ ಮಗುವಿನ ಮೇಲೆ ಊರು ತನ್ನ ಹಕ್ಕನ್ನು ಸ್ಥಾಪಿಸಿಬಿಡುತ್ತದೆ. ಯಾವುದನ್ನು ಮೆಚ್ಚಿದೆವೋ ಅದನ್ನೇ ಕೊನೆಯವರೆಗೂ ಕೊಡುತ್ತಿರಬೇಕೆಂಬ ಹಕ್ಕು ಅದು. ದೇವಾಸದಿಂದ ಮರಳಿದ ಇಪ್ಪತ್ತೊಂಬತ್ತು ವರ್ಷದ ಗೃಹಸ್ಥರಲ್ಲಿ ರಸಿಕರು ಹುಡುಕಿದ್ದು ಹನ್ನೊಂದು ವರ್ಷದ ಬಾಲಕನನ್ನು. ಸಿಕ್ಕಲಿಲ್ಲವೆಂದು ಕೋಪಿಸಿಕೊಂಡರು. ನಮ್ಮ ಹಿರಿಯ ಶಿಷ್ಯರಲ್ಲಿ ‘ರಾಗದ ಚೂರು’ ಎನ್ನುವವರ ಸಿಟ್ಟಿನಲ್ಲಿ ಸಂಗೀತಶಾಸ್ತ್ರಕ್ಕಿಂತ ಈ ಅಗಲಿಕೆಯ ದುಃಖವೇ ಹೆಚ್ಚಾಗಿದೆಯೆಂದು ನಮಗೆ ತೋರುತ್ತದೆ. ಓದಿದ ಮೇಲೆ ಅವರು ನಮ್ಮೊಡನೆ ಮಾತು ಬಿಟ್ಟರೂ ಬಿಡಬಹುದು.

ಈ ಸಲದ ಜಾತ್ರೆಯ ಸಮಯಕ್ಕೆ ಆ ಹುಡುಗನಿಗೆ ‘ಬಾಲ ಗಾನ’ ಎಂದು ಮೊದಲಾಗುವ ಒಂದು ಉದ್ದನೆಯ ಬಿರುದನ್ನು ದಯಪಾಲಿಸಬೇಕೆಂದು ಭಕ್ತಮಂಡಳಿಯವರು ಬಿನ್ನವಿಸಿಕೊಂಡಿದ್ದರು. ಶಾಲೂ, ಹಾರ, ಫಲಕ ಎಲ್ಲವೂ ಸಿದ್ಧವಾಗಿದ್ದವು. ನಾವು ಒಪ್ಪಲಿಲ್ಲ. ಅದೇ ಹಣದಲ್ಲಿ ಮಿರಜಿನಿಂದ ಒಂದು ಜೊತೆ ತಂಬೂರಿ ತರಿಸಿಕೊಟ್ಟೆವು. ಮೂರು ತಿಂಗಳಾಯಿತು, ಬೆಳಗಿನ ಪೂಜೆಗೆ ಮುಂಚೆ ಹುಡುಗ ಎದ್ದು ಕುಳಿತು ಶ್ರುತಿ ಕೂಡಿಸುತ್ತಿರುವುದು ಕೇಳಿಸುತ್ತದೆ. ಇನ್ನೂ ಕೂಡುತ್ತಿಲ್ಲ.