ತೊಟ್ಟಿಕ್ಕುವ ಕಿಂಡಿಯನ್ನು ಮುಚ್ಚಬೇಡಿ

ಕದ್ರಾದಿಂದ ಅಣಶಿ ಘಟ್ಟ ಏರಿ ಜೋಯಿಡಾ ಕಡೆಗೆ ಹೊರಟ ಹಳೆಯ ಜೀಪು ನಡುದಾರಿಯಲ್ಲಿ ಕಾಯ್ದು ನಿಂತರೆ ತಪ್ಪೆಲ್ಲ ರೇಡಿಯೇಟರ್ ತಲೆಗೆ ಬರುತ್ತದೆ. ಅದನ್ನು ತೊಳೆಸುತ್ತಾರೆ, ಬೆಸುಗೆ ಹಾಕಿಸುತ್ತಾರೆ, ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ. ಫ್ಯಾನಿನ ಮರೆಯಲ್ಲಿ ಕೂತ ವಾಟರ್ ಪಂಪನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೊದಲ ಗೇರಿನಲ್ಲಿ ನಿಧಾನಕ್ಕೆ ಏರುವಾಗ ಎದುರುಗಾಳಿಯ ನೆರವು ಅಷ್ಟಕ್ಕಷ್ಟೆ. ಎಂಜಿನ್ ತಂಪಾಗಿಡುವ ಹೊಣೆಯೆಲ್ಲ ಫ್ಯಾನು ಮತ್ತು ಪಂಪಿನದು. ಜೀಪಿನಲ್ಲೂ ಅಂಬಾಸಡರ್‌ನಲ್ಲೂ ಇವೆರಡು ಒಂದೇ ಶಾಫ್ಟಿನ ಮೇಲೆ ತಿರುಗುತ್ತವೆ. ಬೇರಿಂಗ್ ಸಡಿಲಾದರೆ ನೀರು ಸೋರುವುದಷ್ಟೇ ಅಲ್ಲ, ಓಲಾಡುವ ಫ್ಯಾನು ರೇಡಿಯೇಟರನ್ನೇ ಸೀಳಬಹುದು.

ಹಳೆಯ ಗಾಡಿಯನ್ನು ಪ್ರೀತಿಸುವವರ ಕೈ ಗ್ರೀಸಿನ ವಿಚಾರದಲ್ಲಿ ಬಲು ಧಾರಾಳ. ವಾಟರ್ ಪಂಪಿನ ಮಟ್ಟಿಗೆ ಆ ಧಾರಾಳತನವೇ ಹಾನಿ. ಪಂಪು ಯಾವ ಕಾಲದ್ದು, ಯಾವ ಬಗೆಯದು ಎಂದು ತಿಳಿದ ಮೇಲಷ್ಟೇ ಗ್ರೀಸ್ ಗನ್ ಎತ್ತಬೇಕು.

ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿಗೆ ಪಂಪೇ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಗುಣದಿಂದಲೇ ಕೆಲಸ ಸಾಗುತ್ತಿತ್ತು. 1928ರಿಂದ 1931ರವರೆಗೆ ಬಂದ ಮಾಡೆಲ್ ಎ ಕಾರಿನಲ್ಲಿ ಪಂಪು ಬಂತು. ಶಾಫ್ಟಿನ ಸುತ್ತ ಗ್ಲ್ಯಾಂಡ್ ಹುರಿ ಸುತ್ತಿ, ನಟ್ಟಿನಿಂದ ಒತ್ತಿ ನೀರು ತಡೆಯುವ ಬಗೆ ಅದು. ಇದರ ಮರ್ಮ ದಾಂಡೇಲಿಯವರಿಗೆ ಬೇಗ ತಿಳಿಯಬೇಕು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇರುವ ಊರು ಅದು. ಕಾಗದದ ಕಾರ್ಖಾನೆ ಎಂದರೆ ತಿರುಳನ್ನೂ ನೀರನ್ನೂ ಓಡಿಸುವ ಪಂಪುಗಳ ಲೋಕ. ಗ್ಲ್ಯಾಂಡ್ ಕಟ್ಟಿ ಪಳಗಿದ ಯಾವ ಫಿಟ್ಟರನ್ನಾದರೂ ಕೇಳಿ: ಹುರಿಯ ಸಂದಿನಿಂದ ಆಗೊಂದು ಈಗೊಂದು ಹನಿ ಬೀಳಬೇಕು. ಆ ಹನಿಯೇ ಶಾಫ್ಟಿಗೆ ತಂಪು, ಅದೇ ಜಾರುವಿಕೆ. ಹನಿ ನಿಲ್ಲಿಸುವ ಹಟದಲ್ಲಿ ನಟ್ಟು ಬಿಗಿದರೆ ಹುರಿ ಒಣಗಿ ಶಾಫ್ಟಿಗೆ ಗೀರು ಬೀಳುತ್ತದೆ. ಗೀರು ಬಿದ್ದ ಶಾಫ್ಟಿಗೆ ಎಷ್ಟು ಹೊಸ ಹುರಿ ಸುತ್ತಿದರೂ ಸೋರಿಕೆ ನಿಲ್ಲದು.

ಈ ಹಳೆಯ ಪಂಪುಗಳಿಗೆ ಹಾಕುವ ಗ್ರೀಸು ನೀರಿಗೆ ಕರಗದಂಥದ್ದಾಗಿರಬೇಕು. ಸೋಡಿಯಂ ಸೋಪಿನ ಗ್ರೀಸು ನೀರು ತಾಕಿದರೆ ಕಲಸಿ ಹಾಲಿನಂತಾಗುತ್ತದೆ. ಅದಕ್ಕೇ ಹಿಂದಿನವರು ಕ್ಯಾಲ್ಸಿಯಂ ಸೋಪಿನ ಗಟ್ಟಿ ಗ್ರೀಸನ್ನು ವಾಟರ್ ಪಂಪ್ ಗ್ರೀಸ್ ಎಂದು ಬೇರೆಯಾಗಿಯೇ ಇಟ್ಟುಕೊಳ್ಳುತ್ತಿದ್ದರು. ಅದನ್ನೂ ಮಿತಿಮೀರಿ ಒತ್ತಿದರೆ ಒಳಗಿನ ನೀರಿಗೆ ಸೇರಿ ರೇಡಿಯೇಟರ್ ಕೊಳವೆಗಳಲ್ಲಿ ಜಿಡ್ಡಾಗಿ ಕೂರುತ್ತದೆ.

ವಿಲ್ಲಿಸ್ ಜೀಪಿನ ಮಾತೇ ಬೇರೆ. ಅದರ ಪಂಪಿನ ಬೇರಿಂಗಿಗೆ ತಯಾರಾಗುವಾಗಲೇ ಗ್ರೀಸು ತುಂಬಿ ಮುಚ್ಚಿರುತ್ತಾರೆ. ಹೊರಗಿನಿಂದ ಹಾಕಬೇಕಾದದ್ದು ಏನೂ ಇಲ್ಲ. ಸವೆದಾಗ ಬದಲಿಸುವುದೊಂದೇ ದಾರಿ.

ಅಂಬಾಸಡರ್ ಇವೆರಡರ ನಡುವಿನದು. 1489 ಸಿಸಿಯ ಬಿ-ಸೀರೀಸ್ ಎಂಜಿನ್ನಿನ ಹಳೆಯ ಪಂಪಿನ ಮೈಮೇಲೆ ಒಂದು ಚಿಕ್ಕ ತಿರುಪು ಇರುತ್ತದೆ. ಅದನ್ನು ಬಿಚ್ಚಿ ಎಸ್‌ಎಇ 140ರ ದಪ್ಪ ಎಣ್ಣೆಯನ್ನು ಸ್ವಲ್ಪವೇ ಸ್ವಲ್ಪ ಬಿಡಬೇಕು. ಒತ್ತಡ ಹಾಕಿ ತುಂಬಿದರೆ ಎಣ್ಣೆ ಬೇರಿಂಗ್ ದಾಟಿ ನೀರು ತಡೆಯುವ ಕಾರ್ಬನ್ ಸೀಲಿನ ಮೇಲೆ ಹರಡಿ ಸೀಲು ಕೆಡುತ್ತದೆ. ಈ ಪಂಪನ್ನು ಬಿಚ್ಚಿ ಕಟ್ಟುವಾಗ ಮೂರು ಸಂಗತಿ ಮರೆಯಬಾರದು. ಬೇರಿಂಗಿನ ತೂತು ಪಂಪಿನ ಎಣ್ಣೆ ತೂತಿಗೆ ನೇರ ಕೂರಬೇಕು, ಇಲ್ಲದಿದ್ದರೆ ಹಾಕಿದ ಎಣ್ಣೆ ಒಳಗೆ ಹೋಗದು. ನೀರು ತಳ್ಳುವ ಇಂಪೆಲ್ಲರ್ ರೆಕ್ಕೆಗೂ ಪಂಪಿನ ಮೈಗೂ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಸಂದು ಬಿಡಬೇಕು; ಹೆಚ್ಚಾದರೆ ನೀರು ಓಡದು, ಕಡಿಮೆಯಾದರೆ ರೆಕ್ಕೆ ಉಜ್ಜುತ್ತದೆ. ಶಾಫ್ಟನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲೇ ಕೂರಿಸಬೇಕು. ಎಲ್ಲ ಮುಗಿದ ಮೇಲೆ ಬೆಲ್ಟನ್ನು ಅತಿಯಾಗಿ ಬಿಗಿದರೆ ಹೊಸ ಬೇರಿಂಗೂ ಬಾಳುವುದಿಲ್ಲ.

ಜೀಪು, ಅಂಬಾಸಡರ್‌ಗಳ ಪಂಪಿನ ಕೆಳಭಾಗದಲ್ಲಿ, ಸೀಲಿಗೂ ಬೇರಿಂಗಿಗೂ ನಡುವೆ, ಒಂದು ಸಣ್ಣ ಕಿಂಡಿ ಇರುತ್ತದೆ. ಸೀಲು ಸೋತಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬೀಳಲೆಂದೇ ಅದನ್ನು ಕೊರೆದಿರುತ್ತಾರೆ. ಅಲ್ಲಿಂದ ನೀರು ಬಂದ ಕೂಡಲೇ ಎಂ-ಸೀಲ್ ಮೆತ್ತಿ ಮುಚ್ಚುವುದು ನಮ್ಮಲ್ಲಿ ಬಹಳ ಕಡೆ ಕಾಣುವ ರಿಪೇರಿ. ಸೋರಿಕೆ ನಿಂತಂತೆ ಕಾಣುತ್ತದೆ. ಒಳಗೆ ಬೇರಿಂಗ್ ತುಕ್ಕು ಹಿಡಿದು ಘಟ್ಟದಲ್ಲೇ ಕೈಕೊಡುತ್ತದೆ. ಗ್ಲ್ಯಾಂಡಿನ ಹನಿ ಆರೋಗ್ಯದ ಗುರುತು, ಈ ಕಿಂಡಿಯ ಹನಿ ರೋಗದ ಗುರುತು. ಎರಡನ್ನೂ ಮುಚ್ಚಬಾರದು.

ನೀರಿನ ಬಗ್ಗೆಯೂ ಒಂದು ಮಾತು. ಬೋರ್‌ವೆಲ್ಲಿನ ಗಡಸು ನೀರು ಪಂಪಿನೊಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಒಳ್ಳೆಯ ಕೂಲೆಂಟ್ ಬೆರೆಸಿದರೆ ತುಕ್ಕು ತಡೆಯುವ ಕೆಲಸ ಅದೇ ಮಾಡುತ್ತದೆ. ಲೇತಿನ ಸೊಲ್ಯುಬಲ್ ಆಯಿಲ್ ಸುರಿಯುವ ಹಳೆಯ ರೂಢಿ ಬೇಡ, ಹೆಚ್ಚಾದರೆ ರಬ್ಬರ್ ಹೋಸುಗಳು ಉಬ್ಬುತ್ತವೆ. ಬಸಿದ ಕೂಲೆಂಟನ್ನು ಹಿತ್ತಲಲ್ಲಿ ಚೆಲ್ಲಬೇಡಿ. ಅದರ ರುಚಿ ಸಿಹಿ, ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ದನ ನೆಕ್ಕಿದರೆ ಪ್ರಾಣಕ್ಕೇ ಕುತ್ತು.

2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿ, ಮೂಲ ರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೇ ಗಾಡಿಯ ಜೊತೆ ಬಂದ ಪಂಪಿನ ಮೈ ಒಡೆದಿಲ್ಲವಾದರೆ ಗುಜರಿಗೆ ಹಾಕಬೇಡಿ. ಬೇರಿಂಗ್, ಸೀಲು ಹುಬ್ಬಳ್ಳಿಯಲ್ಲಿ ಹುಡುಕಿ. ಇಂಪೆಲ್ಲರ್ ತಿಂದುಹೋಗಿದ್ದರೆ ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿ ದೂರವೇನಲ್ಲ.

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೆ. ಎಂಜಿನ್ ತಣ್ಣಗಿರುವಾಗ ಫ್ಯಾನಿನ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲುಗಿಸಿ, ಕಿಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲುಗಾಟವಿಲ್ಲ, ಕಿಂಡಿ ಒಣಗಿದೆ ಎಂದಾದರೆ ಪಂಪನ್ನು ಅದರ ಪಾಡಿಗೆ ಬಿಡಿ. ಒಂದರಲ್ಲಿ ದೋಷ ಕಂಡರೂ ಘಟ್ಟ ಹತ್ತುವ ಮೊದಲು ಬಿಚ್ಚಿಸಿ.